ಎರಡನೇ ಸರ್ವ್‌ಗೆ ಕೈ ಹಿಂಜರಿಯಬಾರದು

2022ರ ಜನವರಿಯಲ್ಲಿ ಆಸ್ಟ್ರೇಲಿಯಾದ ಅಡಿಲೇಡ್‌ನಲ್ಲಿ ಅರೀನಾ ಸಬಲೆಂಕಾ ಒಂದರ ಹಿಂದೊಂದು ವಾರ ಎರಡು ಪಂದ್ಯ ಸೋತರು. ಆಗ ಅವರು ವಿಶ್ವದ ಎರಡನೇ ಕ್ರಮಾಂಕದ ಆಟಗಾರ್ತಿ, ಬಿರುಸಿನ ಹೊಡೆತಕ್ಕೆ ಹೆಸರಾದವರು. ಮೊದಲ ಪಂದ್ಯದಲ್ಲಿ 18 ಡಬಲ್ ಫಾಲ್ಟ್, ಎರಡನೆಯದರಲ್ಲಿ 21. ಎದುರಾಳಿ ಚೆಂಡು ಮುಟ್ಟುವ ಮೊದಲೇ ಅಷ್ಟೂ ಪಾಯಿಂಟ್‌ಗಳು ಕೈತಪ್ಪಿದ್ದವು. ಅಂಗಳದಲ್ಲೇ ಕಣ್ಣೀರು ಬಂತು. ಕೊನೆಗೆ ತೋಳನ್ನು ಮೇಲೆತ್ತುವುದನ್ನೇ ಬಿಟ್ಟು, ಸೊಂಟದ ಕೆಳಗಿನಿಂದ ಚೆಂಡನ್ನು ತಳ್ಳಿ ಸರ್ವ್ ಮಾಡಿದ್ದೂ ಆಯಿತು.

ನೋಡಿದವರಲ್ಲಿ ಬಹಳಷ್ಟು ಜನ ಇದು ಮನಸ್ಸಿನ ರೋಗ ಎಂದರು. ನಮ್ಮ ಕ್ಲಬ್ಬುಗಳ ಅಂಗಳದಲ್ಲೂ ಡಬಲ್ ಫಾಲ್ಟ್ ಮಾಡಿದವರಿಗೆ ಸಿಗುವ ಸಲಹೆ ಇದೇ ಜಾತಿಯದು: ಹೆದರಬೇಡ, ಮೆಲ್ಲಗೆ ಹೊಡಿ, ಒಳಗೆ ಬಿದ್ದರೆ ಸಾಕು. ಹೆದರಬೇಡ ಎನ್ನುವುದು ಸರಿ. ಮೆಲ್ಲಗೆ ಹೊಡಿ ಎನ್ನುವುದನ್ನು ನಾನು ಒಪ್ಪುವುದಿಲ್ಲ. ಬಿರುಸು ಬೇಕಾದರೆ ತಪ್ಪು ಹೆಚ್ಚುತ್ತದೆ, ತಪ್ಪು ಕಡಿಮೆಯಾಗಬೇಕಾದರೆ ಬಿರುಸು ಬಿಡಬೇಕು ಎಂಬ ನಂಬಿಕೆ ಎಷ್ಟು ಗಟ್ಟಿಯಾಗಿದೆ ಎಂದರೆ, ಅದನ್ನು ಲೆಕ್ಕ ಹಾಕಿ ನೋಡುವ ಗೋಜಿಗೆ ಯಾರೂ ಹೋಗುವುದಿಲ್ಲ. ಇಲ್ಲಿ ಆ ಲೆಕ್ಕವನ್ನೇ ಮಾಡೋಣ.

ಬೇಸ್‌ಲೈನ್‌ನಿಂದ ನೆಟ್‌ಗೆ 11.885 ಮೀಟರ್. ನೆಟ್‌ನಿಂದ ಆಚೆಯ ಸರ್ವಿಸ್ ಗೆರೆಗೆ 6.40 ಮೀಟರ್. ನೆಟ್‌ನ ಎತ್ತರ ನಡುವಿನಲ್ಲಿ 0.914 ಮೀಟರ್, ಕಂಬಗಳ ಬಳಿ 1.07. ಆಚೆಯ ಸರ್ವಿಸ್ ಗೆರೆಯಲ್ಲಿ ಒಂದು ದಾರ ಕಟ್ಟಿ, ನೆಟ್‌ನ ನಡುವಿನ ಅಂಚನ್ನು ಸವರುವಂತೆ ಬಿಗಿಯಾಗಿ ಈಚೆಗೆ ಎಳೆದು ತಂದರೆ, ಬೇಸ್‌ಲೈನ್‌ನಲ್ಲಿ ಅದು ನೆಲದಿಂದ 2.61 ಮೀಟರ್ ಮೇಲಿರುತ್ತದೆ. 170 ಸೆಂಟಿಮೀಟರ್ ಎತ್ತರದ ಆಟಗಾರ ತೋಳು ಪೂರ್ತಿ ಚಾಚಿ ರ‍್ಯಾಕೆಟ್ಟಿನ ನಡುಭಾಗಕ್ಕೆ ಚೆಂಡು ತಾಗಿಸುವ ಎತ್ತರ ಹೆಚ್ಚುಕಡಿಮೆ 2.5ರಿಂದ 2.6 ಮೀಟರ್. ಅಂದರೆ ಗುರುತ್ವವೇ ಇಲ್ಲದ ಲೋಕದಲ್ಲಿ ಅವನು ನೇರ ಗೆರೆಯಲ್ಲಿ ಹೊಡೆದ ಒಂದು ಸರ್ವ್ ಕೂಡ ಒಳಗೆ ಬೀಳದು. ಒಂದೋ ನೆಟ್‌ಗೆ ಬಡಿಯುತ್ತದೆ, ಇಲ್ಲವೇ ಗೆರೆ ದಾಟುತ್ತದೆ. ತನ್ನ ಸರ್ವ್ ಒಳಗೆ ಬಿತ್ತು ಎಂದು ಹಿಗ್ಗುವ ಪ್ರತಿಯೊಬ್ಬ ಮಧ್ಯಮ ಎತ್ತರದ ಆಟಗಾರನೂ ಅದಕ್ಕಾಗಿ ಭೂಮಿಯ ಸೆಳೆತಕ್ಕೆ ಋಣಿ.

ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಭೌತವಿಜ್ಞಾನಿ ಹೋವರ್ಡ್ ಬ್ರೋಡಿ ಇಂಥ ಲೆಕ್ಕಗಳನ್ನು ಟೆನಿಸ್ ಅಂಗಳಕ್ಕೆ ತಂದವರಲ್ಲಿ ಪ್ರಮುಖರು. ಅವರು ಕೇಳಿದ ಪ್ರಶ್ನೆ ಸರಳ: ರ‍್ಯಾಕೆಟ್ಟಿನಿಂದ ಹೊರಡುವ ಚೆಂಡಿನ ಕೋನ ಎಷ್ಟು ಹೆಚ್ಚುಕಡಿಮೆಯಾದರೂ ಸರ್ವ್ ಒಳಗೇ ಬೀಳುತ್ತದೆ? ನೆಟ್‌ಗೆ ತಾಗದಂಥ ಅತಿ ಕೆಳಗಿನ ದಾರಿ ಒಂದು, ಗೆರೆ ದಾಟದಂಥ ಅತಿ ಮೇಲಿನ ದಾರಿ ಇನ್ನೊಂದು. ಇವೆರಡರ ನಡುವೆ ಇರುವ ಕಿಂಡಿಯೇ ಆಟಗಾರನಿಗೆ ಸಿಗುವ ರಿಯಾಯಿತಿ.

ಗಾಳಿಯ ತಡೆಯನ್ನು ಬದಿಗಿಟ್ಟು ನಾನು ಹಾಕಿದ ಸರಳ ಲೆಕ್ಕ ಹೀಗಿದೆ. 2.6 ಮೀಟರ್ ಎತ್ತರದಿಂದ, ತಿರುಗಣಿ ಇಲ್ಲದ ಚೆಂಡನ್ನು ಗಂಟೆಗೆ 108 ಕಿಲೋಮೀಟರ್ ವೇಗದಲ್ಲಿ ಹೊಡೆದರೆ ಕಿಂಡಿ ಸುಮಾರು 1.8 ಡಿಗ್ರಿ. ಅದೇ ಎತ್ತರದಿಂದ 162 ಕಿಲೋಮೀಟರ್ ವೇಗಕ್ಕೆ ಹೋದರೆ ಅದು 0.7 ಡಿಗ್ರಿಗೆ ಇಳಿಯುತ್ತದೆ. ವೇಗ ಒಂದೂವರೆ ಪಟ್ಟಾಯಿತು, ರಿಯಾಯಿತಿ ಅರ್ಧಕ್ಕಿಂತ ಕಡಿಮೆಯಾಯಿತು. ಇಲ್ಲಿಯವರೆಗೆ ಹಳೆಯ ನಂಬಿಕೆ ಗೆದ್ದಿದೆ. ಚೆಂಡಿಗೆ ತಾಗುವ ಎತ್ತರವನ್ನು 3 ಮೀಟರ್ ಮಾಡಿದರೆ 162 ಕಿಲೋಮೀಟರ್ ವೇಗದಲ್ಲೂ 1.3 ಡಿಗ್ರಿ ಸಿಗುತ್ತದೆ. ನಲವತ್ತು ಸೆಂಟಿಮೀಟರ್ ಎತ್ತರಕ್ಕೆ ಕಿಂಡಿ ಹೆಚ್ಚುಕಡಿಮೆ ಎರಡು ಪಟ್ಟು! 208 ಸೆಂಟಿಮೀಟರ್ ಎತ್ತರದ ಅಮೆರಿಕದ ಜಾನ್ ಇಸ್ನರ್ 2016ರ ಡೇವಿಸ್ ಕಪ್‌ನಲ್ಲಿ ಗಂಟೆಗೆ 253 ಕಿಲೋಮೀಟರ್ ವೇಗದ ಸರ್ವ್ ಮಾಡಿದ್ದು, 2010ರ ವಿಂಬಲ್ಡನ್‌ನಲ್ಲಿ ಮೂರು ದಿನ ನಡೆದ ಒಂದೇ ಪಂದ್ಯದಲ್ಲಿ 113 ಏಸ್ ಹೊಡೆದದ್ದು ತೋಳಿನ ಬಲದಿಂದ ಮಾತ್ರ ಆದದ್ದಲ್ಲ. ಅವರು ಕಾಣುವ ಸರ್ವಿಸ್ ಬಾಕ್ಸ್ ನಾವು ಕಾಣುವುದಕ್ಕಿಂತ ನಿಜಕ್ಕೂ ದೊಡ್ಡದು.

ಎತ್ತರ ನಮ್ಮ ಕೈಯಲ್ಲಿಲ್ಲ. ಟಾಪ್‌ಸ್ಪಿನ್ ಇದೆ.

ಮುಂದಕ್ಕೆ ಉರುಳುವಂತೆ ತಿರುಗುತ್ತಾ ಹೋಗುವ ಚೆಂಡು ತನ್ನ ಸುತ್ತಲಿನ ಗಾಳಿಯನ್ನು ಮೇಲಕ್ಕೆ ತಿರುಗಿಸುತ್ತದೆ. ಪ್ರತಿಯಾಗಿ ಗಾಳಿ ಚೆಂಡನ್ನು ಕೆಳಕ್ಕೆ ಒತ್ತುತ್ತದೆ. ಭೌತಶಾಸ್ತ್ರದಲ್ಲಿ ಇದಕ್ಕೆ ಮ್ಯಾಗ್ನಸ್ ಪರಿಣಾಮ ಎಂದು ಹೆಸರು. ಟೆನಿಸ್ ಚೆಂಡಿನ ತೂಕ 56ರಿಂದ 59.4 ಗ್ರಾಂ ಮಾತ್ರ. ನಿಮಿಷಕ್ಕೆ ನಾಲ್ಕು ಸಾವಿರ ಸುತ್ತು ತಿರುಗುವ ಕಿಕ್ ಸರ್ವ್‌ನಲ್ಲಿ ಈ ಒತ್ತಡ ಚೆಂಡಿನ ತೂಕಕ್ಕೆ ಸರಿಸಮನಾಗಬಲ್ಲದು. ಆ ಅರ್ಧ ಸೆಕೆಂಡಿನ ಮಟ್ಟಿಗೆ ಭೂಮಿಯ ಸೆಳೆತವೇ ಇಮ್ಮಡಿಯಾದ ಹಾಗೆ. ಈಗ ಲೆಕ್ಕ ಮತ್ತೆ ಹಾಕೋಣ. ಅದೇ 2.6 ಮೀಟರ್ ಎತ್ತರ, ಗಂಟೆಗೆ 137 ಕಿಲೋಮೀಟರ್ ವೇಗ: ತಿರುಗಣಿ ಇಲ್ಲದಿದ್ದರೆ ಕಿಂಡಿ ಒಂದು ಡಿಗ್ರಿ, ಬಲವಾದ ಟಾಪ್‌ಸ್ಪಿನ್ ಇದ್ದರೆ 2.3 ಡಿಗ್ರಿ. ಮೆಲ್ಲಗೆ ತಳ್ಳಿದ 108 ಕಿಲೋಮೀಟರಿನ ಸರ್ವ್‌ಗಿಂತ ಇದು ವೇಗವಾಗಿಯೂ ಹೋಗುತ್ತದೆ, ಹೆಚ್ಚು ರಿಯಾಯಿತಿಯನ್ನೂ ಕೊಡುತ್ತದೆ. ಇನ್ನೂ ಒಂದು ಲಾಭ: ನೆಲಕ್ಕೆ ಬಿದ್ದ ಮೇಲೆ ಎದುರಾಳಿಯ ಭುಜದೆತ್ತರಕ್ಕೆ ಚಿಮ್ಮುತ್ತದೆ.

ಇಷ್ಟು ತಿರುಗಣಿ ಪುಕ್ಕಟೆ ಬರುವುದಿಲ್ಲ. ಚೆಂಡು ರ‍್ಯಾಕೆಟ್ಟಿನ ತಂತಿಗಳ ಮೇಲೆ ಇರುವುದು ಸೆಕೆಂಡಿನ ಸಾವಿರದ ನಾಲ್ಕೈದು ಭಾಗದಷ್ಟು ಹೊತ್ತು. ಅಷ್ಟರಲ್ಲಿ ತಂತಿಗಳು ಚೆಂಡಿನ ಬೆನ್ನನ್ನು ಕೆಳಗಿನಿಂದ ಮೇಲಕ್ಕೆ ಉಜ್ಜಿಕೊಂಡು ಹೋಗಬೇಕಾದರೆ ರ‍್ಯಾಕೆಟ್ ಮೊದಲ ಸರ್ವ್‌ನಲ್ಲಿ ಇರುವಷ್ಟೇ ವೇಗದಲ್ಲಿ ಬರಬೇಕು. ಮೊದಲ ಸರ್ವ್‌ನಲ್ಲಿ ಆ ವೇಗದ ಬಹುಪಾಲು ಚೆಂಡನ್ನು ಮುಂದಕ್ಕೆ ಕಳಿಸಲು ಖರ್ಚಾಗುತ್ತದೆ. ಎರಡನೆಯದರಲ್ಲಿ ಒಂದು ದೊಡ್ಡ ಪಾಲು ತಿರುಗಿಸಲು ಹೋಗುತ್ತದೆ. ಎರಡನೇ ಸರ್ವ್‌ನಲ್ಲಿ ಕಡಿಮೆಯಾಗಬೇಕಾದ್ದು ಚೆಂಡಿನ ವೇಗ ಮಾತ್ರ. ಕೈ ನಿಧಾನವಾದರೆ ತಿರುಗಣಿ ಸಾಯುತ್ತದೆ, ತಿರುಗಣಿ ಸತ್ತರೆ ಕಿಂಡಿ ಕಿರಿದಾಗುತ್ತದೆ. ಭಯದಿಂದ ಕೈ ಹಿಡಿದವನ ಸರ್ವ್ ಹೊರಗೆ ಬೀಳುವುದು ಹೀಗೆ. ಅದೃಷ್ಟವಶಾತ್ ಒಳಗೆ ಬಿದ್ದರೆ, ಎದುರಾಳಿ ಅದನ್ನು ಬಡಿದು ಪಾಯಿಂಟ್ ತೆಗೆದುಕೊಳ್ಳುತ್ತಾನೆ.

ಹಾಗಾದರೆ ಪ್ರಶ್ನೆ ರ‍್ಯಾಕೆಟ್ಟಿಗೆ ವೇಗ ಎಲ್ಲಿಂದ ಬರುತ್ತದೆ ಎನ್ನುವಲ್ಲಿಗೆ ಬಂತು. ಮಾವಿನ ಮರದ ತುದಿಯ ಕಾಯಿಗೆ ಕಲ್ಲು ಬೀಸುವ ಹುಡುಗನನ್ನು ನೆನಪಿಸಿಕೊಳ್ಳಿ. ಅವನು ಪಕ್ಕಕ್ಕೆ ತಿರುಗಿ ನಿಲ್ಲುತ್ತಾನೆ, ಹಿಂದಿನ ಕಾಲಿನ ಮೇಲೆ ಭಾರ ಹಾಕುತ್ತಾನೆ, ಎಡಗೈಯನ್ನು ಕಾಯಿಯತ್ತ ಎತ್ತುತ್ತಾನೆ. ಮೊದಲು ಸೊಂಟ ತಿರುಗುತ್ತದೆ, ಆಮೇಲೆ ಎದೆ, ಆಮೇಲೆ ಭುಜ. ಕಲ್ಲು ಹಿಡಿದ ಕೈ ಎಲ್ಲಕ್ಕಿಂತ ಹಿಂದೆ ಉಳಿದು ಕೊನೆಯಲ್ಲಿ ಚಿಮ್ಮುತ್ತದೆ. ಅವನಿಗೆ ಇದನ್ನು ಯಾರೂ ಹೇಳಿಕೊಟ್ಟಿರುವುದಿಲ್ಲ. ಸರ್ವ್ ಎಂದರೆ ಹೆಚ್ಚುಕಡಿಮೆ ಇದೇ ಎಸೆತ, ಗುರಿ ಮಾತ್ರ ಇನ್ನಷ್ಟು ಮೇಲಕ್ಕೆ.

ದೇಹದ ಪ್ರತಿ ಭಾಗವೂ ತನ್ನ ವೇಗವನ್ನು ಮುಂದಿನ ಭಾಗಕ್ಕೆ ದಾಟಿಸಿ ತಾನು ನಿಧಾನವಾಗುತ್ತದೆ. ಕ್ರೀಡಾವೈದ್ಯ ಬೆನ್ ಕಿಬ್ಲರ್ ಇದನ್ನು ಸರಪಳಿಯಾಗಿ ಅಧ್ಯಯನ ಮಾಡಿದವರು. ಅವರ ಲೆಕ್ಕದ ಪ್ರಕಾರ ಸರ್ವ್‌ನ ಚಲನಶಕ್ತಿಯಲ್ಲಿ ಅರ್ಧಕ್ಕಿಂತ ಹೆಚ್ಚು ಹುಟ್ಟುವುದು ಕಾಲು ಮತ್ತು ನಡುವಿನಲ್ಲಿ. ಸೊಂಟ ಹಾಗೂ ಮುಂಡದಿಂದ ತೋಳಿಗೆ ಬರುವ ಶಕ್ತಿ ಶೇ 20ರಷ್ಟು ಕಡಿಮೆಯಾದರೆ, ಅದೇ ಫಲ ಪಡೆಯಲು ಭುಜ ಶೇ 34ರಷ್ಟು ಹೆಚ್ಚು ವೇಗವಾಗಿ ತಿರುಗಬೇಕಾಗುತ್ತದೆ. ಮಂಡಿ ಬಾಗಿಸದೆ ಸರ್ವ್ ಮಾಡುವ ಬಡಪಾಯಿ ಭುಜದ ನೋವಿನಿಂದ ನರಳುವುದಕ್ಕೆ ಇದು ದೊಡ್ಡ ಕಾರಣ.

ಇನ್ನು ಸರಪಳಿಯ ಕೊನೆಯ ಕೊಂಡಿ. ಬಹುಕಾಲ ಎಲ್ಲರೂ ಮಣಿಕಟ್ಟಿನ ಝಾಡಿಸುವಿಕೆಯನ್ನೇ ಹೊಗಳುತ್ತಿದ್ದರು. ಪಶ್ಚಿಮ ಆಸ್ಟ್ರೇಲಿಯಾ ವಿಶ್ವವಿದ್ಯಾಲಯದ ಬ್ರೂಸ್ ಎಲಿಯಟ್ ಮತ್ತು ಸಂಗಡಿಗರು 1995ರಲ್ಲಿ ಪ್ರಕಟಿಸಿದ ಅಧ್ಯಯನ ಬೇರೆಯೇ ಚಿತ್ರ ಕೊಟ್ಟಿತು. ಚೆಂಡಿಗೆ ತಾಗುವ ಗಳಿಗೆಯಲ್ಲಿ ರ‍್ಯಾಕೆಟ್ಟಿನ ಮುನ್ನುಗ್ಗುವ ವೇಗದ ಅರ್ಧಕ್ಕಿಂತ ಹೆಚ್ಚು ಪಾಲು ಬಂದದ್ದು ಮೇಲ್ತೋಳು ತನ್ನದೇ ಅಕ್ಷದ ಸುತ್ತ ಒಳಮುಖವಾಗಿ ತಿರುಗುವುದರಿಂದ. ಮಣಿಕಟ್ಟಿನ ಪಾಲೂ ಇತ್ತು, ಆದರೆ ಎರಡನೇ ಸ್ಥಾನದಲ್ಲಿ.

ಈ ತಿರುಗುವಿಕೆ ಏನೆಂದು ಓದುತ್ತಿರುವಲ್ಲೇ ತಿಳಿಯಬಹುದು. ಮೊಣಕೈಯನ್ನು ಭುಜದ ಎತ್ತರಕ್ಕೆ ಪಕ್ಕಕ್ಕೆ ಎತ್ತಿ, ಮುಂಗೈಯನ್ನು ನೆಟ್ಟಗೆ ಮೇಲಕ್ಕೆ ನಿಲ್ಲಿಸಿ. ಮೊಣಕೈ ಅಲ್ಲಾಡದಿರಲಿ. ಮುಂಗೈಯನ್ನು ಹಿಂದಕ್ಕೆ ಬಾಗಿಸಿ, ಆಮೇಲೆ ಮುಂದಕ್ಕೆ ಬೀಳಿಸಿ. ತಿರುಗಿದ್ದು ಮೇಲ್ತೋಳಿನ ಮೂಳೆ. 2000ದ ಸಿಡ್ನಿ ಒಲಿಂಪಿಕ್ಸ್‌ನಲ್ಲಿ ಆಡುತ್ತಿದ್ದವರನ್ನು ಹೈಸ್ಪೀಡ್ ಕ್ಯಾಮೆರಾಗಳಿಂದ ಚಿತ್ರಿಸಿ ಗ್ಲೆನ್ ಫ್ಲೈಸಿಗ್ ಮತ್ತು ಸಂಗಡಿಗರು ಇದರ ಗರಿಷ್ಠ ವೇಗ ಅಳೆದರು: ಪುರುಷರಲ್ಲಿ ಸರಾಸರಿ ಸೆಕೆಂಡಿಗೆ 2,420 ಡಿಗ್ರಿ. ಪೂರ್ತಿ ಸುತ್ತಲು ಸಾಧ್ಯವಿದ್ದರೆ ಸೆಕೆಂಡಿಗೆ ಆರೂವರೆ ಸುತ್ತಿಗೂ ಹೆಚ್ಚು. ಮಹಿಳೆಯರಲ್ಲಿ 1,370 ಡಿಗ್ರಿ. ಈ ಅಂತರದ ಬಗ್ಗೆ ಮುಂದೆ ಹೇಳುವುದಿದೆ.

ಇಷ್ಟು ವೇಗಕ್ಕೆ ತೋಳು ತಾನಾಗಿ ಏರಲಾರದು. ಮಂಡಿ ನೆಟ್ಟಗಾಗಿ ದೇಹ ಮೇಲಕ್ಕೆ ಚಿಮ್ಮುವಾಗ ರ‍್ಯಾಕೆಟ್ ಬೆನ್ನ ಹಿಂದೆ ಉಳಿದು ಕೆಳಗೆ ಇಳಿಯುತ್ತದೆ. ಆಗ ಎದೆ ಮತ್ತು ಬೆನ್ನಿನ ದೊಡ್ಡ ಸ್ನಾಯುಗಳು ಹಿಗ್ಗುತ್ತವೆ. ಹಿಗ್ಗಿದ್ದು ತಕ್ಷಣ ಕುಗ್ಗಿದರೆ ಅದರಲ್ಲಿ ಕೂಡಿಟ್ಟ ಶಕ್ತಿ ತೋಳಿಗೆ ಸೇರುತ್ತದೆ. ನಡುವೆ ತಡೆದು ನಿಂತರೆ ಅದು ಶಾಖವಾಗಿ ಸೋರಿಹೋಗುತ್ತದೆ. ‘ಮೊದಲು ಬೆನ್ನು ಕೆರೆದುಕೊಳ್ಳುವ ಭಂಗಿಗೆ ಬಾ, ಅಲ್ಲಿಂದ ಹೊಡಿ’ ಎಂದು ಮಕ್ಕಳನ್ನು ಅದೇ ಭಂಗಿಯಲ್ಲಿ ನಿಲ್ಲಿಸಿ ಕಲಿಸುವ ಪದ್ಧತಿ ಅದಕ್ಕೇ ನನಗೆ ಒಪ್ಪಿಗೆಯಿಲ್ಲ. ಅದು ನಿಲ್ಲುವ ಭಂಗಿಯೇ ಅಲ್ಲ, ಕಾಲು ಮೇಲಕ್ಕೆ ತಳ್ಳಿದಾಗ ತಾನಾಗಿ ಆಗುವ ಘಟನೆ. 1950ರ ದಶಕದವರೆಗೂ ಸರ್ವ್ ಮಾಡುವಾಗ ಒಂದು ಪಾದ ನೆಲದಲ್ಲಿರಲೇಬೇಕು ಎಂಬ ನಿಯಮವಿತ್ತು. ಅದು ಹೋದ ಮೇಲೆ ಕಾಲಿನ ಬಲವನ್ನು ಪೂರ್ತಿ ಮೇಲಕ್ಕೆ ಕಳಿಸಲು ದಾರಿಯಾಯಿತು.

ರ‍್ಯಾಕೆಟ್ ಹಿಡಿಯುವ ಬಗೆಯೂ ಇಲ್ಲಿಗೇ ಸೇರಿದ್ದು. ಸುತ್ತಿಗೆ ಹಿಡಿದಂತೆ, ಅಂಚು ಮುಂದಾಗಿ ಹಿಡಿಯುವುದನ್ನು ಕಾಂಟಿನೆಂಟಲ್ ಗ್ರಿಪ್ ಎನ್ನುತ್ತಾರೆ. ಹೊಸಬರು ಇದನ್ನು ದ್ವೇಷಿಸುತ್ತಾರೆ, ಏಕೆಂದರೆ ಮೊದಮೊದಲು ಚೆಂಡು ಎಲ್ಲೆಲ್ಲಿಗೋ ಹಾರುತ್ತದೆ. ದೋಸೆಕಲ್ಲಿನಂತೆ ರ‍್ಯಾಕೆಟ್ಟಿನ ಮುಖವನ್ನು ಮೊದಲಿನಿಂದಲೇ ನೆಟ್‌ಗೆ ಅಗಲವಾಗಿ ತೋರಿಸಿ ಹಿಡಿದರೆ ಕೂಡಲೇ ಚೆಂಡು ತಾಗುತ್ತದೆ ನಿಜ. ಆದರೆ ಮೇಲ್ತೋಳು ತಿರುಗಲು ಜಾಗವೇ ಉಳಿಯುವುದಿಲ್ಲ. ರಫೆಲ್ ನಡಾಲ್ 2010ರ ಅಮೆರಿಕ ಓಪನ್‌ಗೆ ಮುಂಚೆ ತಮ್ಮ ಹಿಡಿತವನ್ನು ಕಾಂಟಿನೆಂಟಲ್ ಕಡೆಗೆ ಸ್ವಲ್ಪವೇ ಸರಿಸಿದರು. ಆ ಟೂರ್ನಿಯಲ್ಲಿ ಅವರ ಸರ್ವ್ ಗಂಟೆಗೆ 217 ಕಿಲೋಮೀಟರ್ ಮುಟ್ಟಿತು, ಪ್ರಶಸ್ತಿಯೂ ಬಂತು. ಅದಾಗಲೇ ಜಗತ್ತಿನ ಮೊದಲ ಕ್ರಮಾಂಕದಲ್ಲಿದ್ದವರೂ ಹಿಡಿತ ತಿದ್ದಿಕೊಳ್ಳಲು ನಾಚಿರಲಿಲ್ಲ.

ಚೆಂಡು ಎಸೆಯುವ ಎಡಗೈಯ ಬಗ್ಗೆ ಒಂದು ಸಣ್ಣ ಲೆಕ್ಕ. ಎಸೆದ ಚೆಂಡು ತುದಿ ಮುಟ್ಟುವ ಜಾಗದ ಹತ್ತು ಸೆಂಟಿಮೀಟರ್ ಒಳಗೆ ಸೆಕೆಂಡಿನ ಕಾಲು ಭಾಗಕ್ಕಿಂತ ಹೆಚ್ಚು ಹೊತ್ತು ಇರುತ್ತದೆ. ಅದೇ ಚೆಂಡನ್ನು ಒಂದು ಮೀಟರ್ ಹೆಚ್ಚು ಎತ್ತರಕ್ಕೆ ಎಸೆದು ಇಳಿಯುವಾಗ ಹೊಡೆದರೆ, ಹತ್ತು ಸೆಂಟಿಮೀಟರ್ ದಾಟಲು ಅದು ತೆಗೆದುಕೊಳ್ಳುವುದು ಸೆಕೆಂಡಿನ ನೂರರ ಎರಡು ಭಾಗದಷ್ಟು ಮಾತ್ರ. ಗುರಿ ಹತ್ತು ಪಟ್ಟಿಗೂ ಹೆಚ್ಚು ವೇಗವಾಗಿ ಕಣ್ಣ ಮುಂದೆ ಹಾದುಹೋಗುತ್ತದೆ. ಸ್ಟೆಫಿ ಗ್ರಾಫ್ ತೀರಾ ಎತ್ತರಕ್ಕೆ ಎಸೆದೂ ಗೆದ್ದರು, ರಾಸ್ಕೋ ಟ್ಯಾನರ್ ತೀರಾ ತಗ್ಗಾಗಿ ಎಸೆದೂ ಗೆದ್ದರು. ಉಳಿದ ನಮಗೆ ಚೆಂಡು ತಾಗುವ ಜಾಗದಿಂದ ಒಂದೆರಡು ಗೇಣು ಮೇಲೆ ಹೋದರೆ ಸಾಕು: ಮಂಡಿ ಬಾಗಿ ಏಳಲು ಹೊತ್ತು ಸಿಗುತ್ತದೆ, ಗಾಳಿಗೆ ಚೆಂಡು ಸರಿದು ಹೋಗುವುದೂ ಕಡಿಮೆ. ಎಸೆತ ಸರಿಬರಲಿಲ್ಲವೇ, ಹೊಡೆಯದೆ ಹಿಡಿದುಕೊಳ್ಳಿ. ರ‍್ಯಾಕೆಟ್ ಬೀಸದಿದ್ದರೆ ನಿಯಮದಲ್ಲಿ ಅದು ತಪ್ಪಲ್ಲ. ಕೆಟ್ಟ ಎಸೆತವನ್ನು ಸಂಕೋಚಕ್ಕೆ ಹೊಡೆದು ಪಾಯಿಂಟ್ ಕಳೆದುಕೊಳ್ಳುವವರನ್ನು ಕಂಡರೆ ನನಗೆ ನಿಜಕ್ಕೂ ಸಂಕಟವಾಗುತ್ತದೆ.

ಪ್ರತಿ ಸರ್ವ್ ಹಿಂದಿನದರ ಅಚ್ಚಿನಂತೆ ಇರಬೇಕು ಎಂದು ಹಲವರು ಭಾವಿಸುತ್ತಾರೆ. ಈ ಭಾವನೆಯನ್ನು ಅಲುಗಾಡಿಸಿದ್ದು ಟೆನಿಸ್‌ಗೆ ಸಂಬಂಧವೇ ಇಲ್ಲದ ಒಂದು ಕೆಲಸ. 1920ರ ದಶಕದಲ್ಲಿ ಮಾಸ್ಕೋದ ಕೇಂದ್ರೀಯ ದುಡಿಮೆ ಸಂಸ್ಥೆಯಲ್ಲಿ ನಿಕೊಲಾಯ್ ಬರ್ನ್‌ಸ್ಟೈನ್ ಎಂಬ ಯುವ ವಿಜ್ಞಾನಿ, ಉಳಿಯ ತಲೆಗೆ ಸುತ್ತಿಗೆ ಬೀಸುವ ಕೆಲಸಗಾರರ ಕೀಲುಗಳಿಗೆ ಪುಟ್ಟ ದೀಪಗಳನ್ನು ಕಟ್ಟಿ ಅವುಗಳ ಓಡಾಟವನ್ನು ಫೋಟೊ ತೆಗೆದ. ಸುತ್ತಿಗೆಯ ತುದಿ ಪ್ರತಿ ಸಲವೂ ಅದೇ ಜಾಗಕ್ಕೆ ಬೀಳುತ್ತಿತ್ತು. ಆದರೆ ಭುಜ, ಮೊಣಕೈ, ಮಣಿಕಟ್ಟು ಪ್ರತಿ ಸಲವೂ ಬೇರೆ ಬೇರೆ ದಾರಿ ಹಿಡಿಯುತ್ತಿದ್ದವು. ಒಂದು ಕೀಲಿನ ಹೆಚ್ಚುಕಡಿಮೆಯನ್ನು ಇನ್ನೊಂದು ಸರಿದೂಗಿಸುತ್ತಿತ್ತು. ಪಳಗಿದ ಕೈಯ ಖಚಿತತೆ ಇರುವುದು ಈ ಸರಿದೂಗಿಸುವ ಜಾಣತನದಲ್ಲಿ. ಆದ್ದರಿಂದ ಒಂದೇ ಜಾಗಕ್ಕೆ ಬುಟ್ಟಿ ತುಂಬ ಚೆಂಡು ಹೊಡೆಯುವ ಅಭ್ಯಾಸಕ್ಕಿಂತ ಜಾಗ, ತಿರುಗಣಿ, ವೇಗ ಬದಲಿಸುತ್ತಾ ಹೊಡೆಯುವ ಅಭ್ಯಾಸ ಒಳ್ಳೆಯದು. ಎರಡನೇ ಸರ್ವ್ ಕಲಿಯಲು ಹಳೆಯದೊಂದು ಉಪಾಯವೂ ಇದೆ: ಮೊಣಕಾಲೂರಿ ನಿಂತು ಸರ್ವ್ ಮಾಡಿ. ಆ ಎತ್ತರದಿಂದ ಕೆಳಮುಖವಾಗಿ ಹೊಡೆದರೆ ನೆಟ್ ದಾಟುವುದೇ ಇಲ್ಲ. ಚೆಂಡನ್ನು ಮೇಲಕ್ಕೆ ಉಜ್ಜುವುದನ್ನು ಕೈ ತಾನೇ ಕಂಡುಕೊಳ್ಳುತ್ತದೆ.

ಸರಿದೂಗಿಸುವುದಕ್ಕೂ ಮಿತಿಯಿದೆ. ಸರಪಳಿಯ ಒಂದು ಕೊಂಡಿ ತೀರಾ ತಪ್ಪಿದರೆ ಉಳಿದವು ಎಷ್ಟೆಂದು ಹೊರುತ್ತವೆ? ಸಬಲೆಂಕಾ 2022ರಲ್ಲೇ ಬಯೋಮೆಕ್ಯಾನಿಕ್ಸ್ ಬಲ್ಲ ಗೇವಿನ್ ಮ್ಯಾಕ್‌ಮಿಲನ್ ಅವರ ಜತೆ ಸೇರಿ ಸರ್ವ್‌ನ ಚಲನೆಯನ್ನೇ ಮತ್ತೆ ಕಟ್ಟಿಕೊಂಡರು. ಮೆಲ್ಲಗೆ ಹೊಡೆಯುವ ದಾರಿ ಹಿಡಿಯಲಿಲ್ಲ. 2023ರ ಜನವರಿಯಲ್ಲಿ ಆಸ್ಟ್ರೇಲಿಯಾ ಓಪನ್ ಫೈನಲ್‌ನಲ್ಲಿ ಎಲೆನಾ ರೈಬಾಕಿನಾ ವಿರುದ್ಧ ಗೆಲುವಿಗೆ ಒಂದೇ ಪಾಯಿಂಟ್ ಬೇಕಿದ್ದಾಗ ಅವರಿಂದ ಮತ್ತೆ ಡಬಲ್ ಫಾಲ್ಟ್ ಆಯಿತು. ಆದರೂ ಕೈ ಹಿಂಜರಿಯಲಿಲ್ಲ. ಅದೇ ಗೇಮ್‌ನಲ್ಲಿ ಪ್ರಶಸ್ತಿ ಗೆದ್ದರು. ಮನಸ್ಸು ಗಟ್ಟಿಯಾಯಿತು ಎಂದು ಯಾರಾದರೂ ಹೇಳಿದರೆ ನಾನು ಅಲ್ಲಗಳೆಯುವುದಿಲ್ಲ. ನಂಬಬಹುದಾದ ಚಲನೆ ಸಿಕ್ಕ ಮೇಲೆ ಗಟ್ಟಿಯಾಯಿತು ಎನ್ನುವುದನ್ನು ಮಾತ್ರ ಸೇರಿಸುತ್ತೇನೆ.

ನಮ್ಮ ನೆಲಕ್ಕೆ ಸಂಬಂಧಿಸಿದ ಎರಡು ಮಾತು. ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರಿಗೂ ಹೆಚ್ಚು ಎತ್ತರದಲ್ಲಿದೆ. ಇಲ್ಲಿನ ಗಾಳಿ ಕರಾವಳಿಯ ಗಾಳಿಗಿಂತ ಶೇ 10ರಷ್ಟು ತೆಳು. ಮಂಗಳೂರಿನಲ್ಲಿ ಗೆರೆಯ ಮೇಲೆ ಬೀಳುವ ಬಿರುಸಿನ ಸರ್ವ್ ಕಬ್ಬನ್ ಪಾರ್ಕ್‌ನ ಅಂಗಳದಲ್ಲಿ ಸುಮಾರು ಅರ್ಧ ಅಡಿ ಆಚೆ ಬೀಳುತ್ತದೆ. ತಿರುಗಣಿಯ ಒತ್ತಡವೂ ಇಲ್ಲಿ ಅಷ್ಟೇ ಪ್ರಮಾಣದಲ್ಲಿ ಕಡಿಮೆ. ಕರಾವಳಿಯಿಂದ ಟೂರ್ನಿಗೆ ಬಂದ ಮಕ್ಕಳು ಮೊದಲ ದಿನ ಸರ್ವ್ ಉದ್ದವಾಗುತ್ತಿದೆ ಎಂದು ಗಾಬರಿಯಾಗಬೇಕಿಲ್ಲ. ಇನ್ನಷ್ಟು ಉಜ್ಜಿದರೆ ಸರಿಹೋಗುತ್ತದೆ.

ಎರಡನೆಯದು ಕೊಡಗಿನ ರೋಹನ್ ಬೋಪಣ್ಣ. ಕಾಫಿ ಬೆಳೆಗಾರರ ಮನೆಯ ಈ ಆಟಗಾರನ ದೊಡ್ಡ ಆಸ್ತಿ ಎಂದೂ ಸರ್ವ್. ಮಂಡಿಯ ಮೃದ್ವಸ್ಥಿ ಸವೆದು ನೋವಿನಿಂದ ಆಡುತ್ತಿದ್ದವರು, ಅಯ್ಯಂಗಾರ್ ಯೋಗ ತಮ್ಮನ್ನು ಮತ್ತೆ ನೆಟ್ಟಗೆ ನಿಲ್ಲಿಸಿತು ಎಂದು ಹೇಳಿಕೊಂಡಿದ್ದಾರೆ. 2024ರ ಜನವರಿಯಲ್ಲಿ, 43ನೇ ವಯಸ್ಸಿನಲ್ಲಿ, ಮ್ಯಾಥ್ಯೂ ಎಬ್ಡೆನ್ ಜತೆ ಆಸ್ಟ್ರೇಲಿಯಾ ಓಪನ್ ಡಬಲ್ಸ್ ಗೆದ್ದು ಡಬಲ್ಸ್‌ನಲ್ಲಿ ವಿಶ್ವದ ಮೊದಲ ಕ್ರಮಾಂಕಕ್ಕೆ ಏರಿದ ಅತಿ ಹಿರಿಯರಾದರು. ಭುಜ ಉಳಿಯಬೇಕಾದರೆ ಮಂಡಿಯನ್ನು ಕಾಪಾಡಿಕೊಳ್ಳಬೇಕು ಎನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ.

ಈಗ 2,420 ಮತ್ತು 1,370ರ ಅಂತರಕ್ಕೆ ಬರೋಣ. ಮೈಕಟ್ಟಿನ ವ್ಯತ್ಯಾಸ ಅದಕ್ಕೆ ಒಂದು ಕಾರಣ, ಆದರೆ ಅದೊಂದೇ ಕಾರಣವಾಗಿರಲಾರದು. ಜೆರ್ರಿ ಥಾಮಸ್ ಮತ್ತು ಸಂಗಡಿಗರು 2010ರಲ್ಲಿ ಆಸ್ಟ್ರೇಲಿಯಾದ ಆದಿವಾಸಿ ಮಕ್ಕಳ ಎಸೆತವನ್ನು ಅಳೆದು ಪ್ರಕಟಿಸಿದರು. ಬೇಟೆಗಾಗಿ ಹೆಣ್ಣುಮಕ್ಕಳೂ ಎಸೆಯುವ ಪರಂಪರೆ ಅವರಲ್ಲಿತ್ತು. ಹುಡುಗ ಹುಡುಗಿಯರ ಎಸೆತದ ವೇಗದ ಅಂತರ ಅಮೆರಿಕದ ಮಕ್ಕಳಲ್ಲಿ ಕಂಡದ್ದಕ್ಕಿಂತ ಅವರಲ್ಲಿ ಕಡಿಮೆ ಇತ್ತು. ಎಸೆಯಲು ಬಿಟ್ಟರೆ ತೋಳು ಕಲಿಯುತ್ತದೆ. ನಮ್ಮಲ್ಲಿ ಎಷ್ಟು ಹುಡುಗಿಯರಿಗೆ ಹತ್ತು ವಯಸ್ಸಿನೊಳಗೆ ಜೋರಾಗಿ ಕಲ್ಲು ಬೀಸುವ ಅವಕಾಶ ಸಿಗುತ್ತದೆ?

ಅಂತರರಾಷ್ಟ್ರೀಯ ಟೆನಿಸ್ ಫೆಡರೇಷನ್ 2012ರಿಂದ ಹತ್ತು ವರ್ಷದೊಳಗಿನವರ ಸ್ಪರ್ಧೆಗಳಿಗೆ ನಿಧಾನ ಚೆಂಡುಗಳನ್ನು ಕಡ್ಡಾಯ ಮಾಡಿದೆ. ಎಳೆಯ ಭುಜಕ್ಕೆ ಅದು ಒಳ್ಳೆಯದೇ. ಅದಕ್ಕೂ ಮೊದಲಿನ ಪಾಠಕ್ಕೆ ಅಂಗಳ ಬೇಡ, ರ‍್ಯಾಕೆಟ್ ಬೇಡ. ನಿಮ್ಮ ಮನೆಯಲ್ಲಿ ಟೆನಿಸ್ ಕಲಿಯುವ ಆಸೆಯ ಮಗಳಿದ್ದರೆ ಅವಳ ಕೈಗೆ ಒಂದು ಹಳೆಯ ಚೆಂಡು ಕೊಡಿ. ಮೈದಾನದ ಆಚೆ ತುದಿಗೆ, ಆದಷ್ಟು ಎತ್ತರಕ್ಕೆ, ಇರುವಷ್ಟೂ ಬಲ ಹಾಕಿ ಎಸೆಯಲು ಹೇಳಿ. ಅದು ಎಲ್ಲಿ ಬಿತ್ತೆಂದು ಆರಂಭದಲ್ಲಿ ಲೆಕ್ಕ ಇಡಬೇಡಿ.